ಹದಿನೆಂಟು ಎಕರೆ, ಐನೂರ ಮೂವತ್ತೆರಡು ಚೀಲ

ಕೊಪ್ಪಳ ಜಿಲ್ಲೆಯ ಕಾರಟಗಿ ಸೀಮೆಯ ಒಂದು ಮನೆಯ ಪಾಲಿಗೆ ನಾನು ಅಳತೆಗಾರನಾಗಿ ಹೋದವನು. ಪರವಾನಗಿ ಇರುವ ಭೂಮಾಪಕನ ಕೆಲಸ ಸಣ್ಣದು: ಬಾಂದು ಕಲ್ಲು ಹುಡುಕು, ಹದ್ದು ಅಳೆ, ನಕ್ಷೆ ಬರೆದು ಕೊಡು, ಮನೆಯವರ ಜಗಳಕ್ಕೆ ಕಿವಿ ಕೊಡಬೇಡ. ಈ ಪ್ರಕರಣದಲ್ಲಿ ಕೊನೆಯ ನಿಯಮವನ್ನು ನಾನು ಮುರಿದೆ. ಮುರಿದದ್ದು ಸರಿಯೋ ತಪ್ಪೋ ಇನ್ನೂ ಖಚಿತವಿಲ್ಲ. ಊರಿನ ಹೆಸರು, ಸರ್ವೆ ನಂಬರು, ಮನೆತನದ ಗುರುತು ಎಲ್ಲವನ್ನೂ ಬಿಟ್ಟು ನಡೆದದ್ದನ್ನು ಬರೆಯುತ್ತಿದ್ದೇನೆ.

ಈ ಮನೆ ನನಗೆ ಅರ್ಥವಾದದ್ದು ನಡುವಿನ ಮಗಳ ಬಾಯಿಂದ. ಆದ್ದರಿಂದ ಎಲ್ಲರನ್ನೂ ಆಕೆಯ ನಂಟಿನಿಂದಲೇ ಕರೆಯುತ್ತೇನೆ: ಮುತ್ಯಾ (ಅಜ್ಜ), ಅಪ್ಪ, ಅವ್ವ, ಅಣ್ಣ, ತಮ್ಮ. ಆಕೆ ನನಗೂ ಅಕ್ಕನ ವಯಸ್ಸಿನವರು, ಅಕ್ಕ ಎಂದೇ ಇರಲಿ.

2024ರ ಬೇಸಿಗೆಯಲ್ಲಿ ಅಣ್ಣ ನನ್ನನ್ನು ಕರೆಸಿದರು. ಪಡಸಾಲೆಯಲ್ಲಿ ಕುಳಿತು ಪಹಣಿ, ಅಂದರೆ ಹೊಲದ ಹಕ್ಕು ಮತ್ತು ಸಾಗುವಳಿಯ ಸರ್ಕಾರಿ ದಾಖಲೆ, ಮುಂದಿಟ್ಟರು. ಹದಿನೆಂಟು ಎಕರೆ, ಒಂದೇ ನಂಬರು. ಒಡೆಯರ ಹೆಸರು ಬರೆಯುವ 9ನೇ ಕಲಮಿನಲ್ಲಿ ಅಪ್ಪನ ಹೆಸರಿತ್ತು. ಅಪ್ಪ ತೀರಿಕೊಂಡದ್ದು 2004ರ ಮಳೆಗಾಲದಲ್ಲಿ. ಇಪ್ಪತ್ತು ವರ್ಷ ಸತ್ತವರೇ ಆ ಭೂಮಿಯ ಒಡೆಯರಾಗಿದ್ದರು. 11ನೇ ಕಲಮಿನಲ್ಲಿ ಸಹಕಾರಿ ಸಂಘದ ಬೆಳೆಸಾಲದ ಬೋಜಾ, ಅಂದರೆ ಭೂಮಿಯ ಮೇಲಿನ ಸಾಲದ ಹೊರೆ. ಸಾಲ ತೀರಿ ಎಷ್ಟೋ ವರ್ಷವಾಗಿತ್ತು, ಬೋಜಾ ಇಳಿಸಲು ಯಾರೂ ಹೋಗಿರಲಿಲ್ಲ. 12ನೇ ಕಲಮಿನಲ್ಲಿ ಸಾಗುವಳಿ ಮಾಡುವವರ ಹೆಸರಿರುವ ಜಾಗದಲ್ಲಿ ‘ಸ್ವಂತ’ ಎಂದಿತ್ತು. ಅದೂ ಸುಳ್ಳು. ಎಂಟು ವರ್ಷದಿಂದ ಆ ಹೊಲವನ್ನು ಉಳುತ್ತಿದ್ದವನು ಬೇರೊಬ್ಬ. ಅಂದು ಅವನು ಹೊರಗೆ ಬೇವಿನ ಕಟ್ಟೆಯ ಮೇಲೆ ಕುಳಿತಿದ್ದ.

ಅಂದರೆ ಮೂರು ಮುಖ್ಯ ಕಲಮುಗಳಲ್ಲಿ ಒಂದೂ ನಿಜವಾಗಿರಲಿಲ್ಲ. ನಮ್ಮ ಕಡೆ ಇದೇನೂ ಅಪರೂಪವಲ್ಲ. ತಂದೆ ಸತ್ತ ಮೇಲೆ ಪೌತಿ ಖಾತೆ ಮಾಡಿಸುವುದೆಂದರೆ, ಅಂದರೆ ಭೂಮಿಯನ್ನು ವಾರಸುದಾರರ ಹೆಸರಿಗೆ ಏರಿಸುವುದೆಂದರೆ, ಪಾಲು ಕೇಳಿದ ಹಾಗೆ ಎಂದು ಮಕ್ಕಳು ಹಿಂಜರಿಯುತ್ತಾರೆ. ಯಾರೂ ಮೊದಲು ಬಾಯಿ ಬಿಡುವುದಿಲ್ಲ. ಅಣ್ಣ ಬಾಯಿ ಬಿಟ್ಟದ್ದಕ್ಕೂ ಕಾರಣ ದೊಡ್ಡದಿರಲಿಲ್ಲ. ಊರಿನ ಎಲ್ಲರಿಗೂ ಪಿಎಂ ಕಿಸಾನ್ ಹಣ ವರ್ಷಕ್ಕೆ ಆರು ಸಾವಿರ ಬರುತ್ತಿತ್ತು. ಪಹಣಿಯಲ್ಲಿ ಹೆಸರಿಲ್ಲದ ಇವರಿಗೆ ಬರುತ್ತಿರಲಿಲ್ಲ.

ಹಗೇವು ತೇವವಾದ ವರ್ಷ

ಮುತ್ಯಾನಿಗೆ ಇದ್ದದ್ದು ಇಪ್ಪತ್ತೆಂಟು ಎಕರೆ ಎರೆ ಹೊಲ. ಆಗ ಊರು ನಿಜಾಮನ ಸೀಮೆ. ಮನೆಯ ತಗಡಿನ ಪೆಟ್ಟಿಗೆಯಲ್ಲಿ ಉರ್ದುವಿನಲ್ಲಿ ಬರೆದ ಕಂದಾಯದ ಚೀಟಿಗಳಿವೆ. ಮೇಲೆ ಫಸಲಿ ವರ್ಷ. ಅದಕ್ಕೆ 590 ಕೂಡಿಸಿಕೊಂಡರೆ ನಮ್ಮ ಲೆಕ್ಕದ ಇಸವಿ ಸಿಗುತ್ತದೆ. ಮುಂಗಾರಿಗೆ ಸಜ್ಜೆ, ಹಿಂಗಾರಿಗೆ ಬಿಳಿ ಜೋಳ, ನಡುನಡುವೆ ಹತ್ತಿ. ಸುಗ್ಗಿ ಮುಗಿದರೆ ಜೋಳ ಹಗೇವಿಗೆ ಇಳಿಯುತ್ತಿತ್ತು. ಹಗೇವನ್ನು ನೋಡದವರಿಗೆ ಹೇಳುವುದಾದರೆ, ಊರಿನ ಎತ್ತರದ ಗಟ್ಟಿ ನೆಲದಲ್ಲಿ ಬಾವಿಯಂತೆ ತೋಡಿ, ಒಳಗೆ ಕಣಕಿ, ಹುಲ್ಲು ಒತ್ತಾಗಿ ಹಾಸಿ ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ನೆಲದೊಳಗಿನ ಕಣಜ. ಬರಗಾಲಕ್ಕೆ ಅದೇ ಬ್ಯಾಂಕು.

ಹೊಸಪೇಟೆಯ ಹತ್ತಿರ ತುಂಗಭದ್ರೆಯ ಅಣೆಕಟ್ಟಿಗೆ ಅಡಿಗಲ್ಲು ಬಿದ್ದದ್ದು 1945ರ ಫೆಬ್ರುವರಿ 28ಕ್ಕೆ. ಒಂದು ದಂಡೆ ಮದ್ರಾಸಿನದು, ಇನ್ನೊಂದು ಹೈದರಾಬಾದಿನದು. 1953ರಲ್ಲಿ ಕಾಲುವೆಗೆ ನೀರು ಬಿಟ್ಟರು. ಎಡದಂಡೆ ಕಾಲುವೆ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಸೀಮೆಗಳನ್ನು ದಾಟಿ ರಾಯಚೂರಿನ ಕಡೆ ಹೋಗುತ್ತದೆ, ಒಟ್ಟು 227 ಕಿಲೋಮೀಟರು. ಮುತ್ಯಾನ ಹೊಲದ ಮೇಲ್ಬದಿಗೆ ಅದರ ಒಂದು ಉಪಕಾಲುವೆ ಬಂತು.

ನೀರು ಬಂದ ಕೆಲವೇ ವರ್ಷಗಳಲ್ಲಿ ಹಗೇವು ತೆಗೆದಾಗ ತಳದ ಜೋಳ ಮುಗ್ಗಿ ಕಪ್ಪಾಗಿತ್ತಂತೆ. ಸುತ್ತಲಿನ ನೆಲದೊಳಗೆ ನೀರಿನ ಮಟ್ಟ ಏರಿತ್ತು. ಅವ್ವ ಈ ಮನೆಗೆ ಸೊಸೆಯಾಗಿ ಬಂದದ್ದು ಆಮೇಲೆ. ಆದರೂ ಆ ವಾಸನೆಯನ್ನು ತಾನೇ ಮೂಸಿದ ಹಾಗೆ ಹೇಳುತ್ತಾರೆ. “ನೀರು ಬಂದದ್ದು ಮೊದಲು ಗೊತ್ತಾದದ್ದು ಹಗೇವಿಗೆ. ಹೊಲಕ್ಕೆ ಆಮೇಲೆ ಗೊತ್ತಾಯಿತು” ಎಂದರು ನನ್ನ ಮುಂದೆ.

ಮುತ್ಯಾನಿಗೆ ಒಣಬೇಸಾಯ ಬೆರಳ ತುದಿಯಲ್ಲಿತ್ತು. ನೀರಿನ ಬೇಸಾಯ ಗೊತ್ತಿರಲಿಲ್ಲ. ಮಡಿ ಕಟ್ಟುವುದು, ನೆಲ ಸಮ ಮಾಡುವುದು, ಕೆಸರು ತುಳಿಯುವುದು ಯಾವುದೂ ತಿಳಿಯದು. ಕೃಷ್ಣಾ ಗೋದಾವರಿ ಬಯಲಿನ ಆಂಧ್ರದ ರೈತರು ಆ ಹೊತ್ತಿಗೆ ಬಂದು ಇಲ್ಲಿ ಭೂಮಿ ಕೊಳ್ಳತೊಡಗಿದ್ದರು. ಅವರು ನೆಲೆನಿಂತ ಕಡೆಗಳಿಗೆ ಇಂದಿಗೂ ‘ಕ್ಯಾಂಪ್’ ಎಂದೇ ಹೆಸರು. ಅರವತ್ತರ ದಶಕದಲ್ಲಿ ಮುತ್ಯಾ ಹತ್ತು ಎಕರೆಯನ್ನು ಅಂಥ ಒಬ್ಬರಿಗೆ ಮಾರಿ, ಬಂದ ಹಣದಲ್ಲಿ ಉಳಿದ ಹದಿನೆಂಟನ್ನು ಸಮ ಮಾಡಿಸಿದ. ಊರವರು ಇಂದಿಗೂ ಆ ಹತ್ತು ಎಕರೆಯನ್ನು ಎತ್ತಿ ಆಡುತ್ತಾರೆ: ಬಂಗಾರವನ್ನು ಕಡಲೆಗೆ ಮಾರಿದ ಎಂದು. ನಾನು ಒಪ್ಪುವುದಿಲ್ಲ. ಮಾರದೆ ಉಳಿಸಿಕೊಂಡವರಲ್ಲಿ ಅನೇಕರು ಇಪ್ಪತ್ತೆಂಟಕ್ಕೂ ನೀರು ಹಾಯಿಸಲಾಗದೆ ಸಾಲಕ್ಕೆ ಬಿದ್ದು ಪೂರ್ತಿ ಕಳೆದುಕೊಂಡರು. ಹತ್ತು ಎಕರೆ ಕೊಂಡವರ ಹೆಂಗಸರೇ ಈ ಮನೆಯ ಹೆಂಗಸರಿಗೆ ಸಾಲು ಹಿಡಿದು ನಾಟಿ ಮಾಡಲು ಕಲಿಸಿದರು ಎಂಬುದು ಪೆಟ್ಟಿಗೆಯ ಯಾವ ಕಾಗದದಲ್ಲೂ ಇಲ್ಲ.

ಬರೆದು ಕೊಡಬೇಡ

ಮುತ್ಯಾನ ಮನೆಯಲ್ಲಿ ಒಬ್ಬ ವರ್ಷದ ಆಳಿದ್ದ. ಮದುವೆಗೆಂದು ಪಡೆದ ಸಾಲಕ್ಕೆ ದುಡಿಯುತ್ತ ಹೋದವನು. ಮನೆಯವರು ಅದನ್ನು ಜೀತ ಎನ್ನುವುದಿಲ್ಲ, “ಮನೆಯ ಮಗನ ಹಾಗೆ ಇದ್ದ” ಎನ್ನುತ್ತಾರೆ. 1976ರ ಕಾಯ್ದೆ ಅದಕ್ಕೆ ಜೀತ ಎಂದೇ ಹೆಸರಿಟ್ಟಿತು, ನಾನೂ ಹಾಗೇ ಕರೆಯುತ್ತೇನೆ. ಮನೆಯ ಮಗನ ಹಾಗಿದ್ದವನಿಗೆ ಪಾಲಿನ ಮಾತು ಬಂದಾಗ ಕಟ್ಟೆಯೇ ಗತಿ.

ಇದಕ್ಕಿಂತ ಮುಂಚೆ, 1974ರ ಮಾರ್ಚ್ 1ರಿಂದ, ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಉಳುವವನೇ ಒಡೆಯ. ಗೇಣಿದಾರರು ಫಾರಂ 7 ತುಂಬಿ ಭೂ ನ್ಯಾಯಮಂಡಳಿಗೆ ಅರ್ಜಿ ಹಾಕಿದರು. ಪಕ್ಕದ ಊರಿನಲ್ಲಿ ಯಾರೋ ಹೊಲ ಕಳೆದುಕೊಂಡ ಸುದ್ದಿ ಬಂದ ದಿನ ಮುತ್ಯಾ ಮಗನಿಗೆ ಒಂದು ಮಾತು ಹೇಳಿದನಂತೆ: “ಯಾರಿಗೂ ಏನನ್ನೂ ಬರೆದು ಕೊಡಬೇಡ.” ಈ ಮನೆಗೆ ಭೂಮಿಯ ಜೊತೆ ವಾರಸುದಾರಿಕೆಯಾಗಿ ಬಂದದ್ದು ಈ ಮಾತೂ ಹೌದು. ಅಪ್ಪ ಬರೆದು ಕೊಡಲಿಲ್ಲ. ಅಣ್ಣನೂ ಬರೆದು ಕೊಡಲಿಲ್ಲ. ಇಂದಿಗೂ ಕರ್ನಾಟಕದಲ್ಲಿ ಕೃಷಿಭೂಮಿಯನ್ನು ಗೇಣಿಗೆ ಕೊಡುವುದಕ್ಕೆ, ಸೈನಿಕರಂಥ ಕೆಲವರನ್ನು ಬಿಟ್ಟರೆ, ಕಾಯ್ದೆಯ ಒಪ್ಪಿಗೆ ಇಲ್ಲ. ಆದರೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಒಂದು ಸುತ್ತು ಹಾಕಿ ಬನ್ನಿ, ಎಲ್ಲೆಲ್ಲೂ ಲೀಜು. ಎಕರೆಗೆ ಇಷ್ಟು ಚೀಲ ಎಂಬ ಬಾಯಿಮಾತು; ಚೀಲವೆಂದರೆ 75 ಕಿಲೋ ಭತ್ತ.

ಅಣ್ಣನ ಇಬ್ಬರು ಮಕ್ಕಳೂ ಊರು ಬಿಟ್ಟಿದ್ದರು. ಮೊಣಕಾಲು ಸೋತ ಮೇಲೆ ಹೊಲವನ್ನು ಲೀಜಿಗೆ ಹಾಕಿದರು, ಎಕರೆಗೆ ಬೆಳೆಯೊಂದಕ್ಕೆ ಹನ್ನೆರಡು ಚೀಲದಂತೆ. ತೆಗೆದುಕೊಂಡವನು ಅದೇ ವರ್ಷದ ಆಳಿನ ಮಗ. ಅವನ ಮಗ ಭತ್ತ ಕೊಯ್ಯುವ ಯಂತ್ರ ಓಡಿಸುತ್ತಾನೆ. ಹೀಗೆ ಹದಿನೆಂಟು ಎಕರೆಯ ಮೇಲೆ ಎರಡು ಮನೆತನಗಳ ಮೂರು ಮೂರು ತಲೆಮಾರು ದುಡಿದಿವೆ. ದಾಖಲೆಯಲ್ಲಿರುವುದು ಒಂದೇ ಮನೆತನ.

ಬರವಣಿಗೆ ಇಲ್ಲದಿರುವುದರ ಬೆಲೆ ಏನು ಎಂಬುದು 2024ರ ಆಗಸ್ಟಿನಲ್ಲಿ ಗೊತ್ತಾಯಿತು. 10ರ ರಾತ್ರಿ ಜಲಾಶಯದ 33 ಗೇಟುಗಳಲ್ಲಿ 19ನೆಯದು ಕೊಚ್ಚಿಹೋಯಿತು. ಬೆಳಗಾಗುವ ಹೊತ್ತಿಗೆ ಗಂಗಾವತಿಯಿಂದ ರಾಯಚೂರಿನ ತನಕ ಒಂದೇ ಮಾತು: ತುಂಬಿದ ಅಣೆಕಟ್ಟು ಖಾಲಿಯಾಗುತ್ತದೆ. ನಮ್ಮ ಕಡೆ ನಾಟಿಯ ಹೊತ್ತು ಅದು. ಲೀಜಿನವನು ಅಣ್ಣನ ಬಳಿ ಬಂದು, ಬೆಳೆ ಒಣಗಿದರೆ ಚೀಲದ ಗತಿ ಏನು ಎಂದು ಕೇಳಿದ. ಅಣ್ಣನಿಗೆ ಉತ್ತರ ಗೊತ್ತಿರಲಿಲ್ಲ. ನಷ್ಟ ಪರಿಹಾರ ಬಂದರೆ ಅದು ಪಹಣಿಯ ಹೆಸರಿಗೆ ಹೋಗುತ್ತದೆ. ಬೆಳೆವಿಮೆಯೂ ಹಾಗೇ. ಬೆಂಬಲ ಬೆಲೆಗೆ ಭತ್ತ ಮಾರಲು ಬೇಕಾದ ಫ್ರೂಟ್ಸ್ ಎಂಬ ಸರ್ಕಾರದ ರೈತ ನೋಂದಣಿಯೂ ಭೂಮಿ ಇರುವವರದೇ. ನಷ್ಟ ಮಾತ್ರ ಬಿತ್ತಿದವನದು. ಇಲ್ಲಂತೂ ಪಹಣಿಯಲ್ಲಿದ್ದವರು ಸತ್ತವರು, ಪರಿಹಾರ ಬಂದಿದ್ದರೆ ಅದನ್ನು ಪಡೆಯಲು ಒಡೆಯನೂ ಇಲ್ಲ, ಒಕ್ಕಲಿಗನೂ ಇಲ್ಲ. ಅಣೆಕಟ್ಟಿನ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮುಂದಾಳತ್ವದಲ್ಲಿ ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದರು, ಒಂದು ವಾರದೊಳಗೆ ನೀರು ನಿಂತಿತು, ಆಮೇಲೆ ಜಲಾಶಯ ಮತ್ತೆ ತುಂಬಿತು. ಬೆಳೆ ಉಳಿಯಿತು. ಆದರೆ ಆ ವಾರ ಅಣ್ಣ ನಿದ್ದೆ ಮಾಡಲಿಲ್ಲ. ಬೇಸಿಗೆಯಿಂದ ಮೂಲೆ ಸೇರಿದ್ದ ಪಾಲಿನ ಮಾತನ್ನು ಗಣೇಶನ ಹಬ್ಬಕ್ಕೆ ಎಲ್ಲರನ್ನೂ ಕರೆಸಿ ಮತ್ತೆ ಎತ್ತಿದರು.

ಅಕ್ಕ ಸಹಿ ಹಾಕಲಿಲ್ಲ

ಅಣ್ಣನ ಲೆಕ್ಕ ಸರಳ. ಅಣ್ಣನಿಗೊಂದು, ತಮ್ಮನಿಗೊಂದು ಪಾಲು. ಅವ್ವ ಇರುವ ತನಕ ಅವಳ ಊಟಕ್ಕೆ ಇಷ್ಟು. ಅಕ್ಕ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ ಉಡಿ ತುಂಬಿಸಿಕೊಂಡು ಹೋಗುವುದು. ಸೀರೆಯನ್ನೂ ತಂದಿಟ್ಟಿದ್ದರು. ಪತ್ರ ಬರೆಯುವವರು ಕಾಗದ ತಯಾರು ಮಾಡಿದ್ದರು. ಅಕ್ಕ ಅದನ್ನು ಪೂರ್ತಿ ಓದಿದರು. ಏಳನೆಯ ತರಗತಿ ಓದಿದವರು, ಅಪ್ಪನ ಕಾಲದಲ್ಲಿ ಚೀಲದ ಲೆಕ್ಕ ಬರೆಯುತ್ತಿದ್ದವರು ಅವರೇ. ಓದಿ, ಮಡಚಿ, ಅಣ್ಣನ ಕೈಗೇ ಕೊಟ್ಟರು.

ಇಲ್ಲಿ ಕಾಯ್ದೆಯ ಕತೆಯನ್ನು ಹೇಳಲೇಬೇಕು, ಏಕೆಂದರೆ ಅಕ್ಕನ ಪಾಲು ಮೂರು ಸಲ ಬಾಗಿಲ ತನಕ ಬಂದು ನಿಂತಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ 1994ರ ಜುಲೈ 30ಕ್ಕೆ ಜಾರಿಯಾಯಿತು, ಮಗಳನ್ನೂ ಮಗನಂತೆ ಹುಟ್ಟಿನಿಂದಲೇ ಪಾಲುದಾರಳನ್ನಾಗಿ ಮಾಡಿತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. ಅಕ್ಕನ ಮದುವೆ 1991ರಲ್ಲಿ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ಕ್ಕೆ ಬಂತು, ಮದುವೆಯ ಅಡ್ಡಿ ಹೋಯಿತು. ಆದರೆ ಆ ದಿನ ತಂದೆ ಬದುಕಿರಬೇಕು ಎಂದು ಸುಪ್ರೀಂ ಕೋರ್ಟು 2015ರಲ್ಲಿ ಹೇಳಿತು. 2005ರ ಆ ದಿನಕ್ಕೆ ಅಪ್ಪ ಹೋಗಿ ಆಗಲೇ ಒಂದು ವರ್ಷ ದಾಟಿತ್ತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಆ ಷರತ್ತನ್ನೂ ತೆಗೆದುಹಾಕಿತು: ಹಕ್ಕು ಹುಟ್ಟಿನಿಂದ ಬರುವುದು, ತಂದೆ ಬದುಕಿರಬೇಕಾಗಿಲ್ಲ.

ಗಂಗಾವತಿಯ ವಕೀಲರೊಬ್ಬರು ಎರಡೂ ರೀತಿಯ ಲೆಕ್ಕ ಹಾಕಿಕೊಟ್ಟರು. ಹಳೆಯ ದಾರಿಯಲ್ಲಿ ಅಪ್ಪ, ಅವ್ವ, ಇಬ್ಬರು ಗಂಡುಮಕ್ಕಳಿಗೆ ನಾಲ್ಕು ಪಾಲು. ಅದರಲ್ಲಿ ಅಪ್ಪನ ಪಾಲನ್ನು ಮತ್ತೆ ನಾಲ್ವರಿಗೆ ಹಂಚಿದರೆ ಅಕ್ಕನಿಗೆ ಹದಿನಾರರಲ್ಲೊಂದು, ಅಂದರೆ 1 ಎಕರೆ 5 ಗುಂಟೆ. ಹೊಸ ದಾರಿಯಲ್ಲಿ ಅಕ್ಕನೂ ಪಾಲುದಾರಳು. ಕೊನೆಗೆ ಅವ್ವ ಮತ್ತು ಮೂವರು ಮಕ್ಕಳಿಗೆ ಸಮ ನಾಲ್ಕು, ತಲೆಗೆ 4 ಎಕರೆ 20 ಗುಂಟೆ. ಒಂದು ತೀರ್ಪಿನಿಂದ 3 ಎಕರೆ 15 ಗುಂಟೆಯ ಅಂತರ.

ಅಣ್ಣನಿಗೆ ಸಿಟ್ಟು ಬಂದದ್ದು ಸಹಜ. ಮದುವೆಗೆ ಹಾಕಿದ ಬಂಗಾರ, ಬಾಣಂತನ, ಹಬ್ಬಕ್ಕೆ ಕಳಿಸಿದ ಬುತ್ತಿ ಎಲ್ಲವನ್ನೂ ಎಣಿಸಿದರು. “ತವರಿನ ಬಾಗಿಲು ಮುಚ್ಚಿಸಿಕೊಳ್ಳಬೇಡ ತಂಗಿ” ಎಂದೂ ಅಂದರು. ಅಕ್ಕ ಕೊಟ್ಟ ಉತ್ತರವನ್ನು ನಾನು ಮನೆಗೆ ಬಂದ ರಾತ್ರಿಯೇ ಬರೆದಿಟ್ಟುಕೊಂಡೆ. ಆಕೆಯನ್ನು ಕೊಟ್ಟದ್ದು ಮಾನ್ವಿ ಕಡೆಗೆ. ಅದೇ ಎಡದಂಡೆ ಕಾಲುವೆಯ ಕೆಳಭಾಗ. ಈ ಕಾಲುವೆಯನ್ನು ಯೋಜಿಸಿದಾಗ ಬಹುಪಾಲು ನೆಲವನ್ನು ಹತ್ತಿ, ಜೋಳ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಗೊತ್ತುಮಾಡಿದ್ದರು. ಮೇಲ್ಭಾಗದವರು ಎರಡೂ ಹಂಗಾಮಿಗೆ ಭತ್ತ ಹಾಕಿದರು. ಹೂಳು ತುಂಬಿ ಜಲಾಶಯವೂ ಸೊರಗಿತು. ಮೊದಲು ಸುಮಾರು 133 ಟಿಎಂಸಿ ಹಿಡಿಯುತ್ತಿದ್ದದ್ದು ಈಗ 105ರ ಆಸುಪಾಸು. ಕೆಳಭಾಗದವರು ವರ್ಷ ವರ್ಷ ರಸ್ತೆ ತಡೆದು ಕೂಗುವುದು ಇದಕ್ಕೇ. ಅಕ್ಕನ ಗಂಡನ ಮನೆಯ ಹೊಲದ ಕಾಲುವೆಯಲ್ಲಿ ಮುಳ್ಳುಕಂಟಿ ಬೆಳೆದಿದೆ.

“ಅಣ್ಣಾ, ಮೂವತ್ತು ವರ್ಷ ನನ್ನ ಗಂಡನ ಹೊಲದ ನೀರನ್ನೂ ನೀವೇ ಉಂಡಿರಿ. ನಾನು ಬಾಯಿ ಬಿಡಲಿಲ್ಲ, ತವರಲ್ಲವೇ ಎಂದು. ಈಗ ನೆಲವನ್ನಾದರೂ ಕೊಡಿ.”

ಪಡಸಾಲೆಯಲ್ಲಿ ಯಾರೂ ಮಾತಾಡಲಿಲ್ಲ. ತಮ್ಮ ಮೊಬೈಲ್ ನೋಡುತ್ತ ಕುಳಿತ. ಅವನು ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕೆಲಸಕ್ಕಿರುವವನು. ಭೂಮಿಯ ಬಗ್ಗೆ ಅವನಿಗಿದ್ದದ್ದು ಒಂದೇ ಪ್ರಶ್ನೆ: ರಸ್ತೆಗೆ ಹತ್ತಿದ್ದು ಯಾವುದು. ಅವ್ವ ಎದ್ದು ಒಳಗೆ ಹೋಗಿ ಚಹಾ ತಂದರು. ಸೀರೆ ಮೂರು ದಿನ ಅಲ್ಲೇ ಇತ್ತು. ಹೊರಡುವಾಗ ಅಕ್ಕ ಅದನ್ನೂ ಮರೆಯದೆ ಎತ್ತಿಕೊಂಡರು.

ನಾನು ಬರೆದ ಕೆಟ್ಟ ನಕ್ಷೆ

ನಾಲ್ಕು ಪಾಲು ಎಂದು ಒಪ್ಪಿಗೆಯಾದದ್ದು ದಸರೆ ಕಳೆದ ಮೇಲೆ. ಆಗ ನನ್ನ ಕೆಲಸ ಶುರುವಾಯಿತು, ನಾನು ಅದನ್ನು ಕೆಡಿಸಿದೆ.

ಹದಿನೆಂಟು ಎಕರೆ ಒಂದೇ ನಂಬರಾದರೂ ಮೂರು ಹೊಲ. ಉಪಕಾಲುವೆಗೂ ರಸ್ತೆಗೂ ಹತ್ತಿದ್ದು ಮೇಲಿನ ಹೊಲ, ಏಳು ಎಕರೆ. ನೀರು ನಿಲ್ಲುವುದಿಲ್ಲ, ಭತ್ತ ತೂಗುತ್ತದೆ. ನಡುವಿನದು ಆರು ಎಕರೆ. ಕೆಳಗೆ ಹಳ್ಳದ ಹೊಲ, ಐದು ಎಕರೆ. ಮೇಲಿನವರೆಲ್ಲರ ಬಸಿನೀರು ಅಲ್ಲಿಗೆ ಇಳಿದು ಇಳಿದು ನೆಲ ಸವುಳಾಗಿದೆ. ಬೇಸಿಗೆಯಲ್ಲಿ ಬಿಳಿ ಉಪ್ಪು ಹೆಪ್ಪುಗಟ್ಟಿ ಹಪ್ಪಳದ ಹಾಗೆ ಏಳುತ್ತದೆ. ಈ ಅಚ್ಚುಕಟ್ಟಿನಲ್ಲಿ ಇಂಥ ನೆಲ ಸಾಕಷ್ಟಿದೆ, ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದವರು ಬಹುಕಾಲದಿಂದ ಕೆಲಸ ಮಾಡುತ್ತಿರುವುದೂ ಈ ಸವುಳಿನ ಮೇಲೆಯೇ.

ಯಾರಿಗೂ ಅನ್ಯಾಯವಾಗಬಾರದೆಂದು ನಾನು ಮೂರೂ ಹೊಲಗಳನ್ನು ನಾಲ್ಕು ನಾಲ್ಕು ಪಟ್ಟಿ ಮಾಡಿದೆ. ಒಟ್ಟು ಹನ್ನೆರಡು ತುಂಡು. ಎಲ್ಲರಿಗೂ ಒಳ್ಳೆಯದರಲ್ಲೂ ಕೆಟ್ಟದ್ದರಲ್ಲೂ ಸಮ. ನಕ್ಷೆಯಲ್ಲಿ ನೋಡಲು ಚೆಂದವಾಗಿತ್ತು. ಅವ್ವನಿಗೆ ಗೆರೆ ತೋರಿಸಿ ವಿವರಿಸಿದೆ. ಕೇಳಿಸಿಕೊಂಡು, “ಧೋತರ ಹರಿದು ಕೌದಿಗೆ ಚಿಂದಿ ಮಾಡಿದ ಹಾಗಾಯಿತಲ್ಲಪ್ಪ” ಎಂದರು. ಕಟ್ಟೆಯ ಮೇಲಿದ್ದ ಲೀಜಿನವನೂ ಬಂದು ನೋಡಿ, ಇಷ್ಟು ಸಣ್ಣ ಪಟ್ಟಿಯಲ್ಲಿ ತನ್ನ ಮಗನ ಯಂತ್ರ ತಿರುಗುವುದಿಲ್ಲ ಎಂದ. ಹನ್ನೆರಡು ತುಂಡಿಗೆ ಬದು ಹಾಕಿದರೆ ಬದುವಿಗೇ ಎಷ್ಟು ನೆಲ ಹೋಗುತ್ತದೆ ಎಂದು ಲೆಕ್ಕ ಹಾಕಿದಾಗ ನನಗೇ ನಾಚಿಕೆಯಾಯಿತು. ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ 1970–71ರಲ್ಲಿ 2.28 ಹೆಕ್ಟೇರ್ ಇದ್ದದ್ದು 2015–16ರ ಗಣತಿಗೆ 1.08ಕ್ಕೆ ಇಳಿದಿದೆ. ಕಾರಣ ಜನಸಂಖ್ಯೆ ಎನ್ನುತ್ತಾರೆ. ಹೊಲ ಹೋಳು ಹೋಳಾಗುವುದರಲ್ಲಿ ನನ್ನಂಥ ಭೂಮಾಪಕರ ಸೋಮಾರಿತನದ ಪಾಲೂ ಇದೆ.

ಹಾಗಾದರೆ ಎಕರೆ ಲೆಕ್ಕದಲ್ಲಿ ಒಬ್ಬೊಬ್ಬರಿಗೆ ಒಂದೊಂದು ತಾಕು ಕೊಡುವುದೇ? ಹಳ್ಳದ ನಾಲ್ಕೂವರೆ ಎಕರೆ ಯಾರ ಹಣೆಗೆ? ಅಣ್ಣ ಚೀಟಿ ಎತ್ತೋಣ ಎಂದರು. ಚೀಟಿ ಎಂದರೆ ದೇವರ ಮೇಲೆ ಹಾಕಿ ಕೈ ತೊಳೆಯುವುದು.

ಆ ಹೊತ್ತಿಗೆ ಅಕ್ಕ ತಗಡಿನ ಪೆಟ್ಟಿಗೆಯಿಂದ ತಮ್ಮ ಹಳೆಯ ನೋಟುಪುಸ್ತಕ ತೆಗೆದರು. ಮದುವೆಗೆ ಮುಂಚಿನ ನಾಲ್ಕೈದು ವರ್ಷದ ಲೆಕ್ಕ, ದುಂಡು ಅಕ್ಷರ. ಅಪ್ಪ ಐಆರ್ 8 ಎಂಬ ಭತ್ತದ ತಳಿ ಬಿಟ್ಟು ಬಾಪಟ್ಲದ ಬಿಪಿಟಿ 5204 ಹಿಡಿದ ಕಾಲ ಅದು. ನಮ್ಮ ಕಡೆ ಅದೇ ಸೋನಾ ಮಸೂರಿ ಎಂದು ಮಾರಾಟವಾಗುತ್ತದೆ. ಯಾವ ಹೊಲದಲ್ಲಿ ಎಷ್ಟು ಚೀಲ, ಹಮಾಲಿ ಎಷ್ಟು, ಅಡತಿಯವನು ಎಷ್ಟು ಹಿಡಿದ ಎಂದು ಹೊಲವಾರು ಬರೆದಿತ್ತು. ಹಳ್ಳದ ಹೊಲ ಆಗ ಎಕರೆಗೆ ಇಪ್ಪತ್ತೆಂಟು ಚೀಲ ಕೊಡುತ್ತಿತ್ತು. ಲೀಜಿನವನನ್ನು ಕರೆದು ಈಗಿನ ಲೆಕ್ಕ ಕೇಳಿದೆವು. ಅವನಿಗೆ ಕಾಗದ ಬೇಕಾಗಲಿಲ್ಲ. ಮೇಲಿನದು ಎಕರೆಗೆ 40, ನಡುವಿನದು 32, ಹಳ್ಳದ್ದು 12. ಹನ್ನೆರಡು ಬೆಳೆಯುವ ಹೊಲಕ್ಕೂ ಅವನು ಹನ್ನೆರಡೇ ಲೀಜು ಕೊಡುತ್ತಿದ್ದ. ಬೆಳೆದದ್ದೆಲ್ಲ ಒಡೆಯರಿಗೆ, ಆ ಐದು ಎಕರೆಯ ಗೊಬ್ಬರ, ನಾಟಿ, ಕೂಲಿ ಮೇಲಿನ ಹೊಲದ ದುಡಿಮೆಯಿಂದ. ಇದು ಅಣ್ಣನಿಗೂ ಗೊತ್ತಿರಲಿಲ್ಲ, ಗೊತ್ತಿರಲಿಲ್ಲ ಎಂದು ನಾನು ನಂಬುತ್ತೇನೆ.

ಆಗ ನನಗೆ ಹೊಳೆದದ್ದು ಹೊಸದೇನಲ್ಲ. ಎಕರೆ ಬಿಟ್ಟು ಚೀಲವನ್ನೇ ಹಂಚೋಣ ಎಂದೆ. ಮೇಲಿನ ಏಳು ಎಕರೆಗೆ 280, ನಡುವಿನ ಆರಕ್ಕೆ 192, ಹಳ್ಳದ ಐದಕ್ಕೆ 60. ಒಟ್ಟು 532 ಚೀಲ. ನಾಲ್ಕರಲ್ಲಿ ಒಂದು ಪಾಲೆಂದರೆ 133. ಮೇಲಿನ ಹೊಲದಲ್ಲಿ 133 ಚೀಲ ಬೆಳೆಯಲು 3 ಎಕರೆ 13 ಗುಂಟೆ ಸಾಕು. ಅಂಥ ಎರಡು ಪಾಲು ಅಲ್ಲಿ ಹಿಡಿಸುತ್ತವೆ, 14 ಗುಂಟೆ ಮಿಕ್ಕುತ್ತದೆ. ನಡುವಿನಲ್ಲಿ 4 ಎಕರೆ 6 ಗುಂಟೆಗೆ ಒಂದು ಪಾಲು. ಉಳಿದ 1 ಎಕರೆ 34 ಗುಂಟೆ, ಹಳ್ಳದ ಐದು ಎಕರೆ, ಮೇಲೆ ಮಿಕ್ಕ 14 ಗುಂಟೆ, ಇಷ್ಟೂ ಕೂಡಿ ನಾಲ್ಕನೆಯದು: 7 ಎಕರೆ 8 ಗುಂಟೆ. ಅಲ್ಲೊಂದು ಇಲ್ಲೊಂದು ಆಣೆ ಆಚೀಚೆ, ಹದಿನಾರು ಆಣೆಗೆ ಒಂದು ಗುಂಟೆಯಲ್ಲವೇ, ಅದನ್ನು ಯಾರೂ ಕೇಳಲಿಲ್ಲ.

ತಮ್ಮನಿಗೆ ಮೊದಲು ಇದು ಮೋಸದಂತೆ ಕಂಡಿತು. ಒಬ್ಬರಿಗೆ ಮೂರು ಎಕರೆ, ಇನ್ನೊಬ್ಬರಿಗೆ ಏಳು, ಇದು ಯಾವ ಸಮಪಾಲು? ಎಕರೆಯ ಮೋಹ ಅಷ್ಟು ಗಟ್ಟಿ. ಲೀಜಿನವನೇ ಅವನಿಗೆ ತಿಳಿಸಿ ಹೇಳಿದ: “ಸಣ್ಣ ಧಣಿ, ಎಕರೆಯನ್ನು ಯಾರೂ ಉಣ್ಣುವುದಿಲ್ಲ.” ಅಂದ ಹಾಗೆ ಅವನು ಇನ್ನೂ ಇವರನ್ನು ಧಣಿ ಎಂದೇ ಕರೆಯುತ್ತಾನೆ, ಅವನ ಮಗ ಮಾತ್ರ ಹೆಸರು ಹಿಡಿದು ‘ಅಣ್ಣ’ ಸೇರಿಸುತ್ತಾನೆ.

ಈ ಮನೆಯಲ್ಲಿ ಒಂದು ರೂಢಿ: ಪಾಲು ಮಾಡುವವನು ದೊಡ್ಡವನು, ಮೊದಲು ಆರಿಸುವವನು ಚಿಕ್ಕವನು. ತಮ್ಮ ರಸ್ತೆಯ ಪಕ್ಕದ 3 ಎಕರೆ 13 ಗುಂಟೆ ಹಿಡಿದ. ಇನ್ನು ಐದು ವರ್ಷದಲ್ಲಿ ಅದು ಅಕ್ಕಿ ಗಿರಣಿಯೋ ನಿವೇಶನವೋ ಆಗುತ್ತದೆ, ಬರೆದಿಟ್ಟುಕೊಳ್ಳಿ. ಅಕ್ಕ ಉಪಕಾಲುವೆಯ ತೂಬಿಗೆ ಹತ್ತಿದ ಇನ್ನೊಂದು 3 ಎಕರೆ 13 ಗುಂಟೆ ಕೇಳಿದರು. ಕಾಲುವೆಯ ಬಾಯಿಯನ್ನೇ ಆರಿಸಿಕೊಂಡದ್ದನ್ನು ನೋಡಿ ಅಣ್ಣ ಮೊದಲ ಸಲ ನಕ್ಕರು. ಮಿಕ್ಕದ್ದು ಎರಡು. ಅಣ್ಣನ ಸರದಿ, ಆಮೇಲೆ ಅವ್ವನದು.

ಅಣ್ಣ ಹಳ್ಳದ ಪಾಲನ್ನು ಆರಿಸಿಕೊಂಡರು. ಏಳು ಎಕರೆಯ ಒಡೆಯ ಎನ್ನಿಸಿಕೊಳ್ಳುವ ಆಸೆಯೋ, ಅವ್ವನ ಪಾಲಿಗೆ ಸವುಳು ನೆಲ ಬರಬಾರದೆಂದೋ, ಎಂಟು ವರ್ಷ ಹನ್ನೆರಡಕ್ಕೆ ಹನ್ನೆರಡು ಚೀಲ ಎಣಿಸಿಕೊಂಡದ್ದರ ಕಸಿವಿಸಿಯೋ, ನಾನು ಕೇಳಲಿಲ್ಲ.

ಮೇಲೆ ಮಿಕ್ಕ 14 ಗುಂಟೆಯದು ಬೇರೆ ಮಾತು. ಲೆಕ್ಕ ಅದನ್ನು ಎಲ್ಲಿ ಬೇಕಾದರೂ ಬಿಡಬಹುದಿತ್ತು. ನಾನು ಸರಪಳಿಯನ್ನು ಸ್ವಲ್ಪ ಸರಿಸಿ, ಅದು ಮುತ್ಯಾನ ಸಮಾಧಿಯೂ ಬೇವಿನ ಮರವೂ ಇರುವ ಮೂಲೆಗೆ ಬೀಳುವಂತೆ ಮಾಡಿದೆ. ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಎಲ್ಲರೂ ಕೂತು ಉಣ್ಣುವ ಜಾಗ ಅದು. ಅಕ್ಕನ ಪಾಲು ದಾಟಿಯೇ ಅಲ್ಲಿಗೆ ಹೋಗಬೇಕು. ವಿಭಾಗ ಪತ್ರದಲ್ಲಿ ಹತ್ತು ಅಡಿ ದಾರಿಯನ್ನು, ನೀರು ಹಾಯಿಸುವ ಹೊಲಗಾಲುವೆಯ ಹಕ್ಕನ್ನು ಬಿಡದೆ ಬರೆಸಿದೆ. ಪಾಲಾದ ಮನೆಗಳು ಕೋರ್ಟಿಗೆ ಹತ್ತುವುದು ನೆಲಕ್ಕಲ್ಲ, ಬಹಳ ಸಲ ಈ ದಾರಿಗೆ ಮತ್ತು ನೀರಿಗೆ.

ಕಾಗದದ ಕೆಲಸ ಎಲ್ಲ ಕಡೆ ಆಗುವಂತೆಯೇ ಆಯಿತು. ಮೊದಲು ವಂಶವೃಕ್ಷ, ಮರಣಪತ್ರ, ನಾಲ್ವರ ಹೆಸರಿಗೆ ಜಂಟಿ ಪೌತಿ. ಬೋಜಾ ಇಳಿಸಲು ಸಂಘದಿಂದ ಋಣಮುಕ್ತ ಪತ್ರ. ಆಮೇಲೆ ನನ್ನ 11ಇ ನಕ್ಷೆ. ಅದಿಲ್ಲದೆ ಒಂದು ನಂಬರನ್ನು ತುಂಡು ಮಾಡಿದ ಪತ್ರ ನೋಂದಣಿಯಾಗುವುದಿಲ್ಲ. ಒಂದು ಕಚೇರಿಯಲ್ಲಿ ಅಕ್ಕನ ಹೆಸರನ್ನು ಗಂಡನ ಹೆಸರಿನೊಂದಿಗೆ ಬರೆದು, ತಂದೆಯ ಹೆಸರು ಹೊಂದುವುದಿಲ್ಲ ಎಂದು ಅವರೇ ಹಿಂದಕ್ಕೆ ಕಳಿಸಿದರು. ಅಕ್ಕ ಮಾನ್ವಿಯಿಂದ ನಾಲ್ಕು ಸಲ ಬಸ್ ಹತ್ತಿ ಬಂದರು. ಪತ್ರ ನೋಂದಣಿಯಾದದ್ದು 2025ರ ಆರಂಭದಲ್ಲಿ.

ಆ ಪತ್ರದ ಹನ್ನೊಂದು ಪುಟಗಳಲ್ಲಿ ಲೀಜಿನವನ ಹೆಸರಿಲ್ಲ. ಇರಲು ಸಾಧ್ಯವೂ ಇಲ್ಲ. ಅವನು ಕೇಳಿದ್ದು ಒಂದೇ: ಬೆಳೆ ನಿಂತಿರುವಾಗ ಬದು ಕಡಿಯಬೇಡಿ. ಅದಕ್ಕೆ ಎಲ್ಲರೂ ಒಪ್ಪಿದರು. ಆದರೆ ಮೊದಲು ಅವನಿಗೆ ಒಬ್ಬ ಧಣಿ ಇದ್ದದ್ದು ಈಗ ನಾಲ್ವರು. ಅವ್ವ ಮತ್ತು ಅಕ್ಕ ಹಳೆಯ ಹನ್ನೆರಡು ಚೀಲಕ್ಕೇ ಇರಲಿ ಎಂದರು. ತಮ್ಮ ಹದಿನೈದು ಕೇಳಿದ, ಅದೂ ಮುಂಗಡ. ಅಣ್ಣ ಹಳ್ಳದ ಹೊಲಕ್ಕೆ ಲೀಜು ಬೇಡ, ನೆಲದೊಳಗೆ ಕೊಳವೆ ಹೂಳಿಸಿ ಉಪ್ಪುನೀರು ಬಸಿಸೋಣ, ಖರ್ಚಿನಲ್ಲಿ ಅರ್ಧ ಹಾಕು ಎಂದರು. ಅವನು ಹಾಕುತ್ತೇನೆ ಎಂದಿದ್ದಾನೆ. ಬೇರೆಯವರ ಹೊಲದೊಳಗೆ ತನ್ನ ದುಡ್ಡನ್ನು ಹೂಳುತ್ತಿದ್ದೀಯಲ್ಲ, ಒಂದು ಚೀಟಿಯನ್ನಾದರೂ ಬರೆಸಿಕೋ ಎಂದು ನಾನು ಹೇಳಿದೆ. ಅವನು ಅಣ್ಣನ ಮುಖ ನೋಡಿದ. ಅಣ್ಣ ಬೇವಿನ ಮರದ ಕಡೆ ನೋಡಿದರು.

ಮುಂದಿನ ಮುಂಗಾರಿನಲ್ಲಿ ಕಲ್ಲು ನೆಟ್ಟಿದ್ದು ಸರಿಯಿದೆಯೇ ನೋಡಲು ಹೋಗಿದ್ದೆ. ಬೆಳೆ ಸಮೀಕ್ಷೆಯ ಹುಡುಗ ಮೊಬೈಲ್ ಹಿಡಿದು ಬದುವಿನ ಮೇಲೆ ನಿಂತಿದ್ದ. ಹೊಲದಲ್ಲಿ ನಿಂತು ಬೆಳೆಯ ಚಿತ್ರ ತೆಗೆದರೆ ಆ ಬೆಳೆ ಪಹಣಿಗೆ ಏರುತ್ತದೆ. ಹೊಸ ಹಿಸ್ಸೆ ನಂಬರುಗಳಲ್ಲಿ ಅವನು ಗಲಿಬಿಲಿಗೊಂಡಿದ್ದ, ಇದು ಯಾರದು, ಅದು ಯಾರದು ಎಂದು ಕೂಗಿ ಕೇಳಿದ. ಲೀಜಿನವನು ಕೆಸರಿನಿಂದ ಎದ್ದು ಬಂದು ಒಂದೊಂದಕ್ಕೂ ಕೈ ತೋರಿಸಿ ಹೇಳುತ್ತ ಹೋದ. ಸಣ್ಣ ಧಣಿದು, ಮೂರು ಎಕರೆ ಹದಿಮೂರು ಗುಂಟೆ. ಅಕ್ಕನವರದು, ಅಷ್ಟೇ. ಅವ್ವನದು, ನಾಲ್ಕು ಎಕರೆ ಆರು. ಕೆಳಗಿನದೆಲ್ಲ ದೊಡ್ಡ ಧಣಿದು, ಮತ್ತೆ ಆ ಬೇವಿನ ಮರದ ಹದಿನಾಲ್ಕು ಗುಂಟೆಯೂ ಅವರದೇ. ಹುಡುಗ ಎಲ್ಲವನ್ನೂ ಒತ್ತಿಕೊಂಡು, “ಸಾಗುವಳಿ ಯಾರದು?” ಎಂದ.

“ಸ್ವಂತ ಎಂದು ಬರೆದುಕೊಳ್ಳಿ” ಎಂದು ಹೇಳಿ ಅವನು ಮತ್ತೆ ಕೆಸರಿಗೆ ಇಳಿದ.